ಸೀಸವಿಲ್ಲದ ಪ್ಲಗ್ಗು

ಉಗಿಬಂಡಿಯ ಒಲೆಯೊಳಗೆ ಇಳಿಯಬೇಕಾದರೆ ಮೊದಲು ಎರಡೂ ಕೈ ಮುಂದೆ ಚಾಚಬೇಕು, ಆಮೇಲೆ ಒಂದು ಭುಜ ತೂರಿಸಬೇಕು, ತಲೆ ಕೊನೆಗೆ. ಕಲ್ಲಿದ್ದಲು ಎಸೆಯುವ ಬಾಗಿಲು ಅಷ್ಟು ಚಿಕ್ಕದು. ನಮ್ಮ ಶೆಡ್ಡಿನಲ್ಲಿ ಆ ಬಾಗಿಲಿಗೆ ಹಿಡಿಸುತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಒಳಗಿದ್ದುದನ್ನು ಮೊದಲು ಕಂಡವಳೂ ನಾನೇ.

ಎಂಜಿನ್ನು ಭದ್ರಾವತಿಯ ಹೊರಗೆ ಮುಚ್ಚಿಹೋದ ಒಂದು ಖಾಸಗಿ ಮಿಲ್ಲಿನದು. ಮಿಲ್ಲಿನ ಅಂಗಳದಲ್ಲಿ ವ್ಯಾಗನ್ ಎಳೆಯುತ್ತಿದ್ದ ಮೀಟರ್ ಗೇಜಿನ ಪುಟ್ಟ ಎಂಜಿನ್ನು. ಸುಮಾರು ನಲವತ್ತು ವರ್ಷದ ಹಿಂದೆ ಅದರಲ್ಲಿ ಒಂದು ಅಪಘಾತವಾಗಿ, ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಸತ್ತಿದ್ದ. ಅಲ್ಲಿಗೆ ಅದರ ಓಟ ನಿಂತಿತು. ಗೇಟಿನ ಮುಂದೆ ಸಿಮೆಂಟ್ ಕಟ್ಟೆ ಕಟ್ಟಿ, ಕಪ್ಪು ಬಣ್ಣ ಬಳಿದು ಅದನ್ನು ನಿಲ್ಲಿಸಿದರು. ಈಗ ಊರಿನ ಕೆಲವರು ಸಮಿತಿ ಮಾಡಿಕೊಂಡು, ಉಳಿದಿದ್ದ ಎರಡೂವರೆ ಕಿಲೋಮೀಟರ್ ಹಳಿಯ ಮೇಲೆ ಭಾನುವಾರಗಳಂದು ಎರಡು ಡಬ್ಬಿ ಕಟ್ಟಿ ಜನರನ್ನು ಸುತ್ತಾಡಿಸಬೇಕೆಂದು ಹೊರಟಿದ್ದರು. ಬಾಯ್ಲರ್ ಕೆಲಸ ಮಾಚೇನಹಳ್ಳಿಯ ನನ್ನ ಶೆಡ್ಡಿಗೆ ಬಂತು. ನಾನು ಅಕ್ಕಿ ಗಿರಣಿಗಳ ಬಾಯ್ಲರ್ ರಿಪೇರಿ ಮಾಡುವವಳು; ರೈಲಿನ ಬಾಯ್ಲರ್ ಮುಟ್ಟಿದವಳಲ್ಲ. ಮೇಸ್ತ್ರಿ ಜೊತೆಗಿದ್ದರೆ ಮಾತ್ರ ಮಾಡುತ್ತೇನೆಂದು ಷರತ್ತು ಹಾಕಿದೆ.

ಮೇಸ್ತ್ರಿ ಅದೇ ಮಿಲ್ಲಿನಲ್ಲಿ ಬಾಯ್ಲರ್ ಫಿಟ್ಟರ್ ಆಗಿದ್ದವರು. ಮಿಲ್ಲು ಮುಚ್ಚಿದ ಮೇಲೆ ನಮ್ಮ ಶೆಡ್ಡಿಗೆ ಬಂದು, ನನಗೆ ಸುತ್ತಿಗೆ ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದರು. ಈಗ ಎಪ್ಪತ್ತೆಂಟು. ಮೊಣಕಾಲು ಮಡಚಲು ಬರುತ್ತಿರಲಿಲ್ಲ, ಕಿವಿ ಮಾತ್ರ ಚೆನ್ನಾಗಿತ್ತು. ಒಲೆಗೆ ಒಳಗೊಂದು, ಹೊರಗೊಂದು ತಗಡು, ನಡುವೆ ನೀರು. ಎರಡನ್ನೂ ಹಿಡಿದಿಟ್ಟುಕೊಳ್ಳುವ ಗಿಡ್ಡ ಬೋಲ್ಟುಗಳಿಗೆ ಸ್ಟೇ ಎನ್ನುತ್ತೇವೆ. ಅವು ನೂರಾರು. ಒಳಗಿನಿಂದ ನಾನು ಒಂದೊಂದಕ್ಕೂ ಸುತ್ತಿಗೆಯಿಂದ ತಟ್ಟುತ್ತಿದ್ದೆ. ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ಮೇಸ್ತ್ರಿ ಕೇಳಿಸಿಕೊಳ್ಳುತ್ತಿದ್ದರು. ಗಟ್ಟಿ ಇರುವುದು ಠಣ್ ಎನ್ನುತ್ತದೆ, ಒಳಗೆ ಮುರಿದದ್ದು ಮಡಕೆಯ ಹಾಗೆ ಸದ್ದು ಕೊಡುತ್ತದೆ.

"ಅದು ಹೋಗಿದೆ ಮಾರಾಯ್ತಿ, ಸೀಮೆಸುಣ್ಣ ಹಾಕು" ಎನ್ನುತ್ತಿದ್ದರು. ಕಿತ್ತು ನೋಡಿದಾಗ ಅವರ ಮಾತು ತಪ್ಪಿದ್ದು ಒಂದೇ ಒಂದು ಕಡೆ.

ಮೊದಲ ಆರು ವಾರ ಕಳಚುವುದರಲ್ಲೇ ಹೋಯಿತು. ಹೊರ ಹೊದಿಕೆ ತೆಗೆದೆವು. ಟ್ಯೂಬುಗಳನ್ನೆಲ್ಲ ಎರಡೂ ತುದಿಯಲ್ಲಿ ಕತ್ತರಿಸಿ ಎಳೆದೆವು. ಗೇಣಿಗೊಂದು ಕಡೆ ಮೀಟರ್ ಇಟ್ಟು ತಗಡಿನ ದಪ್ಪ ಅಳೆದು ಅಲ್ಲಲ್ಲೇ ಬರೆದೆವು. ಒಲೆಯ ಚಾವಣಿಯ ತಗಡಿನ ಮಾತು ಬಂದಾಗಲೆಲ್ಲ ಮೇಸ್ತ್ರಿ, "ಅದನ್ನ ಕೊನೆಗೆ ನೋಡೋಣ ಬಿಡು, ಮೊದ್ಲು ಪಕ್ಕದ್ದು ಮುಗ್ಸು" ಎನ್ನುತ್ತಿದ್ದರು. ಅನುಭವಸ್ಥರು ಹೇಳಿದ್ದಾರೆ, ಏನೋ ಕಾರಣವಿರಬೇಕು ಎಂದುಕೊಂಡು ಸುಮ್ಮನಿದ್ದೆ.

ಆಷಾಢದ ಗಾಳಿ ಶೆಡ್ಡಿನ ಶೀಟುಗಳನ್ನು ಬಡಿಯುತ್ತಿದ್ದ ಒಂದು ಬೆಳಿಗ್ಗೆ ಚಾವಣಿಯ ಮಸಿ ಕೆರೆದೆ. ಸಪಾಟಾಗಿರಬೇಕಾದ ತಗಡು ಬಾಂಡ್ಲಿಯ ತಳದ ಹಾಗೆ ಕೆಳಕ್ಕೆ ಉಬ್ಬಿ ಅಂಗೈಗೆ ಸಿಕ್ಕಿತು. ಎರಡು ಸ್ಟೇ ಕಿತ್ತುಬಂದು ತೂತಾಗಿತ್ತು. ಚಾವಣಿಯ ಮೇಲೆ ನೀರಿಲ್ಲದೆ ಕೆಳಗೆ ಬೆಂಕಿ ಉರಿದರೆ ಹೀಗಾಗುತ್ತದೆ. ತಗಡು ಕೆಂಪಗೆ ಕಾದು ಮೆತ್ತಗಾಗುತ್ತದೆ, ಹಬೆಯ ಒತ್ತಡ ಅದನ್ನು ಕೆಳಗೆ ತಳ್ಳುತ್ತದೆ. ಆ ಎರಡು ತೂತುಗಳಿಂದ ನುಗ್ಗಿದ ಹಬೆ ಬೆಂಕಿಯ ಸಮೇತ ಒಲೆಯ ಬಾಗಿಲಿನಿಂದ ಹೊರಬಿದ್ದು ಫೈರ್‌ಮನ್ನನ ಮೈಮೇಲೆ ಹೋಗಿತ್ತು. ಕಥೆ ಊರಿಗೆಲ್ಲ ಗೊತ್ತಿತ್ತು. ಅವನು ಕುಡಿದು ತೂಕಡಿಸುತ್ತಿದ್ದ, ನೀರು ಬಿಡಲು ಮರೆತ, ಸತ್ತ.

ಆದರೆ ಹಾಗೆ ಮರೆತವನನ್ನು ಉಳಿಸಲೆಂದೇ ಚಾವಣಿಯ ನಡುವೆ ಒಂದು ಪ್ಲಗ್ಗು ಇರುತ್ತದೆ. ಹಿತ್ತಾಳೆಯ ಬೋಲ್ಟು, ಅದರ ಹೊಟ್ಟೆಯಲ್ಲಿ ಸೀಸ. ನೀರು ಇಳಿದು ಚಾವಣಿ ಕಾಯತೊಡಗಿದರೆ ಎಲ್ಲಕ್ಕಿಂತ ಮೊದಲು ಸೀಸ ಕರಗಿ, ಸಣ್ಣ ತೂತಿನಿಂದ ಹಬೆ ಒಲೆಯೊಳಗೆ ಸುರಿಯುತ್ತದೆ. ಆ ಸದ್ದಿಗೆ ನಿದ್ದೆಯಲ್ಲಿದ್ದವನೂ ಎದ್ದು ಓಡಬಹುದು. ಇಷ್ಟು ಕಾದ ಚಾವಣಿಯಲ್ಲಿ ಸೀಸ ಉಳಿದಿರಲು ಸಾಧ್ಯವೇ ಇಲ್ಲ. ನಡುವೆ ತೂತು ಕಾಣಬೇಕಿತ್ತು. ಟಾರ್ಚ್ ಹಿಡಿದು ನೋಡಿದೆ. ಪ್ಲಗ್ಗು ಇಡಿಯಾಗಿತ್ತು.

ಎರಡು ದಿನ ಎಣ್ಣೆ ಬಿಟ್ಟು, ಪಾನಾಗೆ ಪೈಪು ಹಾಕಿ ತಿರುಗಿಸಿದಾಗ ಬಂತು. ಬ್ರಷ್ ಹಾಕಿ ಅರ ಹಾಕಿದೆ. ಅಂಚಿನಿಂದ ಅಂಚಿಗೆ ಹಳದಿ. ಗಟ್ಟಿ ಹಿತ್ತಾಳೆ. ಸೀಸಕ್ಕೆಂದು ಅದರಲ್ಲಿ ತೂತನ್ನೇ ಕೊರೆದಿರಲಿಲ್ಲ.

ಅದನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದೆ. "ಮೇಸ್ತ್ರಿ, ಇದ್ರಲ್ಲಿ ಸೀಸಾನೇ ಇಲ್ವಲ್ಲ."

ಅವರು ಪ್ಲಗ್ಗನ್ನು ಮುಟ್ಟಲಿಲ್ಲ. "ಆಗೆಲ್ಲ ಸಿಕ್ಕಿದ್ದು ಹಾಕ್ತಿದ್ರು" ಎಂದು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಮೈ ಸರಿಯಿಲ್ಲವೆಂದು ಆಟೋ ಹಿಡಿದು ಮನೆಗೆ ಹೋದರು.

ಮರುದಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಜೋಡಣೆ ಬಿಚ್ಚಿದೆ. ಅದಕ್ಕೆ ಬಾಯ್ಲರಿನಿಂದ ಎರಡು ದಾರಿ. ಮೇಲಿನಿಂದ ಹಬೆ, ಕೆಳಗಿನಿಂದ ನೀರು. ಕೆಳಗಿನ ದಾರಿಗೆ ತಂತಿ ತೂರಿಸಿದರೆ ಹೋಗಲೇ ಇಲ್ಲ. ಡ್ರಿಲ್ ಹಾಕಬೇಕಾಯಿತು. ಬಂದದ್ದು ತುಕ್ಕಲ್ಲ, ಬಿಳಿ ಸುಣ್ಣ. ಕಟ್ಟೆಯ ಮೇಲೆ ಒಣಗಿ ನಿಂತ ಎಂಜಿನ್ನಿನಲ್ಲಿ ತುಕ್ಕು ಹಿಡಿಯುತ್ತದೆ. ಸುಣ್ಣ ಕಟ್ಟುವುದು ನೀರು ಕುದಿಯುವ ದಿನಗಳಲ್ಲಿ ಮಾತ್ರ. ಅಂದರೆ ಅಪಘಾತದ ದಿನವೂ ಆ ದಾರಿ ಕಟ್ಟಿಕೊಂಡೇ ಇತ್ತು. ಹಾಗಿದ್ದಾಗ ಒಳಗೆ ನೀರು ಇಳಿದರೂ ಗಾಜಿನಲ್ಲಿ ಇಳಿಯುವುದಿಲ್ಲ. ಮೇಲಿನ ಹಬೆ ತಣಿದು ನೀರಾಗಿ ಗಾಜು ತುಂಬಿದ ಹಾಗೆಯೇ ಕಾಣುತ್ತದೆ. ಫೈರ್‌ಮನ್ ಎಚ್ಚರವಾಗಿಯೇ ಇದ್ದಿರಬಹುದು. ಗಾಜು ನೋಡಿ, ನೀರಿದೆ ಎಂದುಕೊಂಡೇ ಕಲ್ಲಿದ್ದಲು ಎಸೆದಿರಬಹುದು.

ಆ ವಾರವೇ ಫೈರ್‌ಮನ್ನನ ಮಗಳು ಬಂದರು. ಐವತ್ತರ ಹೆಂಗಸು, ಕಾಗದನಗರದ ಹತ್ತಿರ ಹಿಟ್ಟಿನ ಗಿರಣಿ ನಡೆಸುತ್ತಾರೆ. ತೋಳಿನ ಕೂದಲಿಗೆಲ್ಲ ಹಿಟ್ಟು ಹತ್ತಿತ್ತು. ಎಂಜಿನ್ನು ಬಿಚ್ಚಿದ್ದಾರೆಂದು ಯಾರೋ ಹೇಳಿದರಂತೆ.

"ನಮ್ಮಪ್ಪ ಎಲ್ಲಿ ನಿಂತಿರ್ತಿದ್ರು ಮೇಡಂ?"

ತೋರಿಸಿದೆ. ಅವರು ಹತ್ತಿ ಅಲ್ಲೇ ನಿಂತರು. ಒಲೆಯ ಬಾಗಿಲು ಅವರ ಸೊಂಟದ ಮಟ್ಟಕ್ಕಿತ್ತು.

"ಕುಡಿದಿದ್ರು ಅಂತಾರೆ. ಮನೇಲಿ ಒಂದ್ ಹನಿ ಮುಟ್ಟಿದ್ದು ನಾವ್ಯಾರೂ ನೋಡಿಲ್ಲ. ಹದಿನೈದು ದಿನಕ್ಕೆ ಕ್ವಾರ್ಟರ್ಸ್ ಖಾಲಿ ಮಾಡ್ಸಿದ್ರು. ಸ್ಕೂಲಲ್ಲಿ ಕುಡುಕನ್ ಮಗ್ಳು ಅಂತಿದ್ರು, ಅದು ಹೋಗ್ಲಿ. ಅಮ್ಮ ಸಹ ಕೊನೆಕೊನೆಗೆ ನಂಬ್ಬಿಟ್ಳು. ನಮಗ್ ಗೊತ್ತಿಲ್ದಂಗೆ ಕುಡೀತಿದ್ರೇನೋ ಅಂತ. ಸಾಯೋತನಕ ಅವರ ಫೋಟೋ ಗೋಡೆಗೆ ಹಾಕೋಕೆ ಬಿಡ್ಲಿಲ್ಲ."

ಇಳಿದು ಬಂದವರು ಕುರ್ಚಿಯಲ್ಲಿದ್ದ ಮೇಸ್ತ್ರಿಯನ್ನು ನೋಡಿ ಗುರುತು ಹಿಡಿದರು. ಬಗ್ಗಿ ಕಾಲು ಮುಟ್ಟಿದರು. "ಅವತ್ತು ಅಪ್ಪನ್ನ ಆಸ್ಪತ್ರೆಗೆ ಎತ್ಕೊಂಡ್ ಹೋಗಿದ್ದು ಈ ಮಾಮಾನೇ ಮೇಡಂ. ಇವ್ರ ಕೈಗೂ ಬೊಬ್ಬೆ ಬಂದಿತ್ತು." ಮೇಸ್ತ್ರಿ ಅವರ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು. ಆ ಕೈ ನಡುಗಲಿಲ್ಲ.

ಅವರು ಹೋದ ಮೇಲೆ ಮೇಸ್ತ್ರಿಯ ಎದುರು ಸ್ಟೂಲ್ ಎಳೆದುಕೊಂಡು ಕೂತೆ. "ಆ ಪ್ಲಗ್ಗು ಹಾಕಿದ್ದು ಯಾರು?"

ಅವರು ಎಂಜಿನ್ನಿನ ಕಡೆ ನೋಡುತ್ತ ಹೇಳಿದರು. "ಹಳೇ ಪ್ಲಗ್ಗಲ್ಲಿ ಸೀಸದ ಸುತ್ತ ನೀರು ಜಿನುಗ್ತಿತ್ತು. ಎಂಜಿನ್ ನಿಲ್ಸೋಕೆ ಫೋರ್‌ಮನ್ ಒಪ್ಲಿಲ್ಲ. ಹೊಸಾದು ಬರೋವರ್ಗೂ ಗಟ್ಟೀದೊಂದು ಹಾಕು ಅಂದ. ಲೇತಲ್ಲಿ ನಾನೇ ತಿರುಗ್ಸಿ ಹಾಕ್ದೆ. ಹೊಸಾದು ಬರ್ಲೇ ಇಲ್ಲ."

"ವಿಚಾರಣೇಲಿ ಹೇಳ್ಲಿಲ್ವಾ?"

"ನಂಗೂ ಮೂರ್ ಮಕ್ಳಿದ್ರು ಮಾರಾಯ್ತಿ. ಒಲೆಯೊಳಗೆ ಇಳಿದು ನೋಡಿದೋರೂ ಯಾರಿಲ್ಲ. ಫೋರ್‌ಮನ್ ಸತ್ತ, ಡ್ರೈವರ್ ಸತ್ತ. ಇನ್ನು ನಾನೊಬ್ನೇ. ಅದನ್ನ ಗುಜರಿಗೆ ಹಾಕ್ಬಿಡು. ಇಲ್ಲ, ನಾನು ಸತ್ಮೇಲೆ ಹೇಳು."

ಅವತ್ತೇ ಮಗಳ ಗಿರಣಿಗೆ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಚಾವಣಿಗೆ ಹೊಸ ತಗಡು ಕೂರಿಸುವುದು, ಕವಾಟಗಳನ್ನು ಹೊಂದಿಸುವುದು, ಮೊದಲ ಬೆಂಕಿ ಹಾಕುವುದು, ಇದನ್ನೆಲ್ಲ ಬಲ್ಲವರು ಈ ಸುತ್ತಿನಲ್ಲಿ ಬೇರೆ ಯಾರೂ ಇರಲಿಲ್ಲ. ಹೊರಗೆ ಹೇಳಿದರೆ ಅವರು ಶೆಡ್ಡಿಗೆ ಬರುವುದಿಲ್ಲ, ಕೆಲಸ ನಿಲ್ಲುತ್ತದೆ. ಮೊದಲು ಎಂಜಿನ್ನು ಮುಗಿಯಲಿ ಎಂದು ತೀರ್ಮಾನ ಮಾಡಿದೆ.

ತೀರ್ಮಾನ ಮಾಡಿದ ಮೇಲೆ ನಾನು ನಡೆದುಕೊಂಡ ರೀತಿಯನ್ನು ಬರೆಯಲು ನಾಚಿಕೆಯಾಗುತ್ತದೆ. ದಿನಾ ಬೆಳಿಗ್ಗೆ ಮೇಸ್ತ್ರಿಯ ಟೀ ಲೋಟದ ಪಕ್ಕ ಆ ಪ್ಲಗ್ಗು ಇಡುತ್ತಿದ್ದೆ. ಮಾತಾಡುತ್ತಿರಲಿಲ್ಲ. ಇಟ್ಟು, ಕೆಲಸಕ್ಕೆ ಹೋಗುತ್ತಿದ್ದೆ. ಮೊದಮೊದಲು ಅವರು ಲೋಟ ದೂರ ಸರಿಸಿ ಕುಡಿಯುತ್ತಿದ್ದರು. ಆಮೇಲೆ ಟೀ ಬೇಡವೆಂದರು. ಆಗಲೂ ಇಟ್ಟೆ. ಮೊಣಕಾಲು ನೋಯುತ್ತದೆಂದರೆ, "ನಿಂತೇ ನೋಡಿ ಮೇಸ್ತ್ರಿ, ಕೂತ್ರೆ ಕಾಣಲ್ಲ" ಎನ್ನುತ್ತಿದ್ದೆ. ವೆಲ್ಡಿಂಗಿಗೆ ಮೊದಲು ತಗಡು ಕಾಯಿಸುವಾಗ ಬಿಸಿಯ ಹತ್ತಿರವೇ ನಿಲ್ಲಿಸಿಕೊಳ್ಳುತ್ತಿದ್ದೆ. ಅವರು ಒಂದು ದಿನವೂ ಎದುರಾಡಲಿಲ್ಲ, ಒಂದು ದಿನವೂ ರಜೆ ಹಾಕಲಿಲ್ಲ. ಅವರು ತಪ್ಪೊಪ್ಪಿಕೊಂಡು ತೀರಿಸುತ್ತಿದ್ದಾರೆಂದು ನಾನು ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ನಾನು ಬಾಯಿ ಬಿಡದಿರಲಿ ಎಂದು ಕೆಲಸ ಮಾಡಿಕೊಟ್ಟರು ಅನ್ನಿಸುತ್ತದೆ.

ಕೆಲಸವಂತೂ ಚೆನ್ನಾಗಿ ಆಯಿತು. ಉಬ್ಬಿದ ಭಾಗ ಕತ್ತರಿಸಿ ಹೊಸ ತಗಡು ಕೂರಿಸಿದೆವು. ಮೊದಲ ನೀರಿನ ಪರೀಕ್ಷೆಯಲ್ಲಿ ಸೋತೆವು. ಬಾಯ್ಲರ್ ತುಂಬ ನೀರು ತುಂಬಿ, ಪಂಪಿನಿಂದ ಒಂದೂವರೆ ಪಟ್ಟು ಒತ್ತಡ ಏರಿಸಿ ಅರ್ಧ ಗಂಟೆ ಹಿಡಿಯಬೇಕು. ಹತ್ತನೇ ನಿಮಿಷಕ್ಕೆ ಮುಳ್ಳು ಇಳಿಯತೊಡಗಿತು, ಬಲಮೂಲೆಯ ನಾಲ್ಕು ಸ್ಟೇಗಳ ಬುಡದಲ್ಲಿ ನೀರು ಬೆವರಿತು. ಇನ್ಸ್‌ಪೆಕ್ಟರ್ ಫೈಲು ಮುಚ್ಚಿ ಹೋದರು. ಆ ಮೂಲೆಯನ್ನೆಲ್ಲ ಬಿಚ್ಚಿ, ತೂತುಗಳಿಗೆ ಹೊಸದಾಗಿ ಸ್ಕ್ರೂ ಮರೆ ಕೊರೆದು, ಸ್ಟೇ ತಿರುಗಿಸಿ ಕೂರಿಸಲು ಮೂರು ವಾರ ಹಿಡಿಯಿತು. ಎರಡನೆಯ ಸಲ ಮುಳ್ಳು ಅಲ್ಲಾಡಲಿಲ್ಲ. ಸೀಸ ತುಂಬಿದ ಹೊಸ ಪ್ಲಗ್ಗನ್ನು ನಾನೇ ಎರಕ ಹೊಯ್ದು ಹಾಕಿದೆ; ಮೇಸ್ತ್ರಿಗೆ ಮುಟ್ಟಲು ಬಿಡಲಿಲ್ಲ.

ದೀಪಾವಳಿಯ ಹೊತ್ತಿಗೆ ಮೊದಲ ಬೆಂಕಿ ಹಾಕಿ ಹಬೆಯ ಪರೀಕ್ಷೆಯನ್ನೂ ಮುಗಿಸಿದೆವು. ಆಗ ಸಮಿತಿಯ ಅಧ್ಯಕ್ಷರು ಎಂಜಿನ್ನಿನ ಪಕ್ಕ ನಿಲ್ಲಿಸುವ ಇತಿಹಾಸದ ಫಲಕದ ನಕಲು ಕಳಿಸಿದರು. ಶಿವಮೊಗ್ಗದಲ್ಲಿ ಹೋಟೆಲ್ ಇಟ್ಟಿರುವ, ನಗುಮುಖದ ಮನುಷ್ಯ. ಫಲಕದಲ್ಲಿ ಹೀಗಿತ್ತು: ಫೈರ್‌ಮನ್ನನ ನಿರ್ಲಕ್ಷ್ಯದಿಂದ ಅಪಘಾತ ಸಂಭವಿಸಿ ಎಂಜಿನ್ನು ನಿವೃತ್ತಿಯಾಯಿತು. ಅದರ ಕೆಳಗೆ, ಉದ್ಘಾಟನೆಯಲ್ಲಿ ಸನ್ಮಾನಿತರು ಎಂದು ಮೇಸ್ತ್ರಿಯ ಫೋಟೋ.

ಪ್ಲಗ್ಗನ್ನು ತೆಗೆದುಕೊಂಡು ಹೋಟೆಲಿಗೆ ಹೋದೆ. ಎಲ್ಲ ಹೇಳಿದೆ. ಅಧ್ಯಕ್ಷರು ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು.

"ಮೇಡಂ, ಜನ ಬರೋದು ಮಕ್ಳನ್ನ ರೈಲು ಹತ್ಸೋಕೆ. ಹೆಣ ನೋಡೋಕಲ್ಲ. ಸತ್ತೋನು ಸತ್ತ. ಬದುಕಿರೋ ಮುದುಕನ ಮರ್ಯಾದೆ ಯಾಕೆ ತೆಗೀತೀರಿ?"

"ಸತ್ತವನ ಮಗಳು ಬದುಕಿದ್ದಾರೆ."

"ಅವ್ರಿಗೆ ಮೊದಲ್ನೇ ಟ್ರಿಪ್ಪಿಗೆ ಫ್ರೀ ಪಾಸು ಕೊಡೋಣ ಬಿಡಿ."

ಆ ಮಾತು ಕೇಳಿದ ಮೇಲೆ ನನಗೆ ಕಾಯುವುದಕ್ಕೆ ಏನೂ ಉಳಿಯಲಿಲ್ಲ. ರಿಪೇರಿ ಮಾಡಿದವರು ಇನ್ಸ್‌ಪೆಕ್ಟರಿಗೆ ಒಂದು ವರದಿ ಕೊಡಬೇಕು. ಬಾಯ್ಲರಿನಲ್ಲಿ ಏನೇನು ಕಂಡಿತು, ಏನೇನು ಬದಲಿಸಿದೆವು ಎಂದು. ಅದು ಬಾಯ್ಲರಿನ ಕಾಗದಗಳ ಜೊತೆ ಉಳಿಯುತ್ತದೆ. ಗಟ್ಟಿ ಹಿತ್ತಾಳೆಯ ಪ್ಲಗ್ಗು, ಸುಣ್ಣ ಕಟ್ಟಿದ ಗಾಜಿನ ದಾರಿ, ಎರಡನ್ನೂ ಬರೆದು ಫೋಟೋ ಸಮೇತ ಕೊಟ್ಟೆ. ಮಾರನೆಯ ಬೆಳಿಗ್ಗೆ ಮೇಸ್ತ್ರಿಗೆ ಹೇಳಿದೆ. "ಇವತ್ತು ಗಿರಣಿಗೆ ಹೋಗ್ತಿದೀನಿ. ನೀವು ಬಂದು ಹೇಳ್ತೀರೋ, ನಾನು ಹೇಳ್ಲೋ?"

"ಎಂಜಿನ್ ಮುಗೀತಲ್ಲ" ಎಂದರು. ಕೋಲು ತೆಗೆದುಕೊಂಡು ಎದ್ದರು.

ಗಿರಣಿಯಲ್ಲಿ ನಾಲ್ಕೈದು ಜನ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದರು. ಬೆಲ್ಟು ಓಡುತ್ತಿತ್ತು, ರಾಗಿ ಬೀಳುತ್ತಿತ್ತು. ಮಗಳು ನಮ್ಮನ್ನು ನೋಡಿ ನಕ್ಕು, ಸ್ಟೂಲ್ ತೋರಿಸಿದರು. ಮೇಸ್ತ್ರಿ ನಿಂತುಕೊಂಡೇ ಹೇಳತೊಡಗಿದರು. ಆ ಸದ್ದಿನಲ್ಲಿ ಏನೂ ಕೇಳಲಿಲ್ಲ. ಅವರು "ಏನ್ ಮಾಮ?" ಎಂದು ಕಿವಿ ಮುಂದೆ ತಂದರು. ಮೇಸ್ತ್ರಿ ಕೂಗಬೇಕಾಯಿತು. ಪ್ಲಗ್ಗು, ಸೀಸ, ನಾನೇ ಹಾಕಿದ್ದು ಎಂದು ಆ ಮುದುಕ ಗಂಟಲು ಕಿತ್ತುಹೋಗುವಂತೆ ಕೂಗಿದರು. ಮಗಳು ಕೈ ಚಾಚಿ ಸ್ವಿಚ್ ಆರಿಸಿದರು. ಬೆಲ್ಟು ನಿಲ್ಲುವವರೆಗೂ ಕಾದರು.

"ಈಗ ಹೇಳಿ. ಮೊದಲಿಂದ."

ಅವರು ಮೊದಲಿನಿಂದ ಹೇಳಿದರು. ಕಾಯುತ್ತಿದ್ದವರೆಲ್ಲ ಕೇಳಿಸಿಕೊಂಡರು. ಗಾಜಿನ ದಾರಿಯ ವಿಷಯ ನಾನು ಹೇಳಿದೆ.

"ಕುಡಿದಿದ್ರು ಅಂತ ಹೇಳಿದ್ಯಾರು ಹಾಗಾದ್ರೆ?" ಮಗಳು ಕೇಳಿದರು.

ಇದನ್ನು ನಾಲ್ಕು ತಿಂಗಳಲ್ಲಿ ನಾನು ಕೇಳಿರಲೇ ಇಲ್ಲ. ಫೋರ್‌ಮನ್ ಹೇಳಿರಬೇಕು ಎಂದುಕೊಂಡಿದ್ದೆ. ಮೇಸ್ತ್ರಿ ಕೋಲಿನ ಮೇಲೆ ಎರಡೂ ಕೈ ಊರಿದರು.

"ನಾನೇ. ಎತ್ಕೊಂಡ್ ಹೋಗುವಾಗ ಬಾಯಲ್ಲಿ ವಾಸ್ನೆ ಬರ್ತಿತ್ತು ಅಂತ ಬರ್ಕೊಟ್ಟೆ. ಹೊತ್ಕೊಂಡ್ ಹೋದೋನು ಹೇಳಿದ್ರೆ ನಂಬ್ತಾರೆ ಅಂದ ಫೋರ್‌ಮನ್."

ಮಗಳು ಕೆನ್ನೆಯ ಮೇಲಿನ ಹಿಟ್ಟು ಒರೆಸಿಕೊಂಡರು. ಅಳಲಿಲ್ಲ. "ದಾರೀಲಿ ಅಪ್ಪ ಏನಾದ್ರೂ ಅಂದ್ರಾ?"

"ಅಂದ."

"ಏನು?"

"ಗ್ಲಾಸಲ್ಲಿ ನೀರಿತ್ತಣ್ಣಾ, ಗ್ಲಾಸಲ್ಲಿ ನೀರಿತ್ತು. ಆಸ್ಪತ್ರೆ ಬರೋವರ್ಗೂ ಅದೊಂದೇ."

ಡಬ್ಬಿ ಹಿಡಿದಿದ್ದ ಒಬ್ಬಾಕೆ ಎದ್ದು ಹೊರಗೆ ಹೋದರು. ಮಗಳು ನನ್ನ ಕಡೆ ತಿರುಗಿದರು. "ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?"

"ನೀವು ಶೆಡ್ಡಿಗೆ ಬಂದ ವಾರ."

"ನಾಲ್ಕು ತಿಂಗ್ಳು." ಲೆಕ್ಕ ಹಾಕಿ ಹೇಳಿದರು. "ಎಂಜಿನ್ ಆಗೋವರ್ಗೂ ಕಾದ್ರಿ."

ಹೌದೆಂದೆ.

ಕ್ಷಮಿಸು ಎಂದು ಮೇಸ್ತ್ರಿ ಕೇಳಿದರು. ಮಗಳು ಸ್ವಿಚ್ಚಿಗೆ ಕೈ ಚಾಚಿದರು. "ರೈಲು ಬಿಡ್ತಾರಲ್ಲ ಭಾನುವಾರ. ಜನ ಹತ್ತೋಕ್ ಮುಂಚೆ, ಎಂಜಿನ್ ಪಕ್ಕ ನಿಂತು, ಈಗ ಹೇಳಿದ್ರಲ್ಲ, ಅಷ್ಟನ್ನೂ ಹೇಳಿ. ಪ್ರತಿ ಭಾನುವಾರ. ನಿಮ್ಮ ಕೈಲಿ ಆಗೋವರ್ಗೂ. ನಾನು ಬಂದು ಕೇಳ್ತೀನಿ" ಎಂದು ಸ್ವಿಚ್ ಹಾಕಿದರು.

ಅಧ್ಯಕ್ಷರು ಕುಣಿದಾಡಿದರು. ಆದರೆ ವರದಿ ಆಗಲೇ ಇನ್ಸ್‌ಪೆಕ್ಟರ್ ಕೈಯಲ್ಲಿತ್ತು, ಗಿರಣಿಯಲ್ಲಿ ಕೇಳಿದವರ ಬಾಯಿಂದ ಸುದ್ದಿ ಭದ್ರಾವತಿ ಸುತ್ತಿತ್ತು. ಫಲಕದಿಂದ ಆ ಸಾಲು ಅಳಿಸಿದರು. ಸನ್ಮಾನ ರದ್ದಾಯಿತು.

ಮೊದಲ ಭಾನುವಾರ ಎಂಜಿನ್ನು ಹೂವಿನ ಹಾರ ಹಾಕಿಕೊಂಡು ಹಬೆ ಬಿಡುತ್ತ ನಿಂತಿತ್ತು. ಓಡಿಸಲು ರೈಲ್ವೆಯಿಂದ ನಿವೃತ್ತರಾದ ಡ್ರೈವರ್ ಒಬ್ಬರನ್ನು ಕರೆಸಿದ್ದರು. ಜನ ಮಂಡಕ್ಕಿ ತಿನ್ನುತ್ತ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಮೇಸ್ತ್ರಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು ಹೇಳಿದರು. ಮುಂದಿನ ಸಾಲಿನಲ್ಲಿ ಮಗಳು ಕೈಕಟ್ಟಿ ನಿಂತು ಕೇಳಿದರು. ಕೇಳಿ, ರೈಲು ಹತ್ತದೆ ಹೋದರು.

ಎರಡನೇ ವಾರ ಫೋನಿನಲ್ಲಿ ವಿಡಿಯೋ ಮಾಡಿದವರಿದ್ದರು. ಮೂರನೇ ವಾರಕ್ಕೆ ಜನ ಜಾಸ್ತಿಯಾದರು. ಮುದುಕನನ್ನು ನೋಡಲೆಂದೇ ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದರು. "ಜೋರಾಗಿ ಹೇಳಜ್ಜ, ಹಿಂದೆ ಕೇಳಲ್ಲ" ಎಂದು ಕೂಗಿದರು. ಅಧ್ಯಕ್ಷರು ಒಂದು ಮೈಕು ತಂದು ಕೊಟ್ಟರು. ಈಗ ಅವರಿಗೆ ಯಾವ ತಕರಾರೂ ಇರಲಿಲ್ಲ.

ಏಳನೇ ಭಾನುವಾರ ಮೇಸ್ತ್ರಿ ನಡುವೆ ಮಾತು ಮರೆತರು. ಗ್ಲಾಸಲ್ಲಿ ನೀರಿತ್ತು, ಗ್ಲಾಸಲ್ಲಿ ನೀರಿತ್ತು ಎಂದು ಮೈಕಿನಲ್ಲಿ ಅದನ್ನೇ ಹೇಳುತ್ತ ನಿಂತರು. ಕೆಲವರು ನಕ್ಕರು. ನಾನು ಮಗಳ ಹತ್ತಿರ ಓಡಿದೆ. "ಸಾಕು ಮಾಡ್ಸಿ. ಕೈ ಮುಗೀತೀನಿ."

"ನಮ್ಮಮ್ಮಂಗೆ ಯಾರಾದ್ರೂ ಸಾಕು ಅಂದ್ರಾ ಮೇಡಂ?" ಎಂದರು. ಅವರ ಕಣ್ಣು ಮೇಸ್ತ್ರಿಯ ಮೇಲೇ ಇತ್ತು. ಮೈಕನ್ನು ಕೊನೆಗೆ ಡ್ರೈವರ್ ಇಳಿದು ಬಂದು ಕಿತ್ತುಕೊಂಡರು.

ಆ ಗುರುವಾರ ಮೇಸ್ತ್ರಿ ಬಚ್ಚಲಲ್ಲಿ ಬಿದ್ದರು, ಶನಿವಾರ ತೀರಿಕೊಂಡರು. ಅವರ ಮಕ್ಕಳು ನನ್ನನ್ನು ಒಳಗೆ ಬಿಡಲಿಲ್ಲ. ರಸ್ತೆಯಲ್ಲಿ ನಿಂತು ಹೆಣ ನೋಡಿದೆ. ನನಗೆ ಕೆಲಸ ಕಲಿಸಿದ ಆ ಕೈಗಳನ್ನು ಎದೆಯ ಮೇಲೆ ಕಟ್ಟಿದ್ದರು.

ಮಾರನೆಯ ದಿನ ಭಾನುವಾರ. ಟಿಕೆಟ್ ಕೊಟ್ಟಾಗಿತ್ತು, ಎಂಜಿನ್ನು ಕಾದಿತ್ತು. ಫೈರ್‌ಮನ್ನನ ಮಗಳು ಎಂದಿನ ಜಾಗದಲ್ಲಿ ಬಂದು ನಿಂತರು.

"ಹೋಗ್ಬಿಟ್ರಂತೆ" ಎಂದೆ.

"ಗೊತ್ತಾಯ್ತು" ಎಂದರು. "ಇವತ್ತು ಯಾರ್ ಹೇಳ್ತಾರೆ?"

ನಾನು ಮೈಕು ತೆಗೆದುಕೊಂಡೆ. ಹಳೆಯ ಪ್ಲಗ್ಗು ಜಿನುಗಿದ್ದು, ಗಟ್ಟಿ ಪ್ಲಗ್ಗು, ಸುಳ್ಳು ವಾಸನೆ, ಖಾಲಿ ಮಾಡಿಸಿದ ಮನೆ, ಗೋಡೆಗೆ ಹಾಕದ ಫೋಟೋ, ಎಲ್ಲ ಹೇಳಿದೆ. ಮುಗಿಸಿ ಮೈಕು ಕೊಡಲು ಹೋದಾಗ ಅವರು ಕೈಯೆತ್ತಿ ತಡೆದರು.

"ನಿಮ್ದು?"

ಆ ನಾಲ್ಕು ತಿಂಗಳನ್ನೂ ಹೇಳಿದೆ. ಟೀ ಲೋಟದ ಪಕ್ಕ ಇಡುತ್ತಿದ್ದುದನ್ನೂ ಬಿಡಲಿಲ್ಲ. ಜನ ಡಬ್ಬಿ ಹತ್ತತೊಡಗಿದರು. ಗಾರ್ಡ್ ಸೀಟಿ ಊದಿದ. ಅವತ್ತು ಮೊದಲ ಸಲ ಅವರೂ ಟಿಕೆಟ್ ತೆಗೆದುಕೊಂಡು ಹತ್ತಿ, ಕಿಟಕಿಯ ಪಕ್ಕ ಕೂತರು. ಎದುರಿನ ಸೀಟು ಖಾಲಿಯಿತ್ತು. ನಾನು ಹತ್ತಿರ ಹೋದಾಗ ಅವರು ತಮ್ಮ ಚೀಲವನ್ನು ಅದರ ಮೇಲಿಟ್ಟರು.